ಆರೋಗ್ಯವಂತ ಗಂಡಸರು

ಯಂತ್ರದ ಪರದೆಯ ಮೇಲೆ ಹದಿನೇಳನೆಯ ಗೆರೆ ಜೊತೆಯವುಗಳಿಗಿಂತ ಮೊದಲೇ ತಲೆಯೆತ್ತಿದಾಗ ಯೋಗೇಂದ್ರನಿಗೆ ಆದದ್ದು ಸಂತೋಷ. ಸೀನು ಬರುವ ಮುಂಚೆ ಮೂಗಿನಲ್ಲಿ ಏಳುವ ಹಿತವಾದ ಕಚಗುಳಿಯಷ್ಟೇ ಅದರ ಆಯುಷ್ಯ. ಆಮೇಲೆ ತಾನು ಸಂತೋಷಪಟ್ಟೆನೆಂಬುದು ಗೊತ್ತಾಗಿ, ಯಾರಾದರೂ ನೋಡಿಬಿಟ್ಟರೇನೋ ಎಂಬಂತೆ ಹಿಂತಿರುಗಿದ. ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಫ್ರೀಜರು ತನ್ನ ಪಾಡಿಗೆ ಗೊಣಗುತ್ತಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಗೆರೆ ಅಲ್ಲೇ ಇತ್ತು. ಆರೋಗ್ಯವಂತ ಗಂಡಸರ ಮೂತ್ರವೆಂದು ತಂದಿಟ್ಟುಕೊಂಡ ಇಪ್ಪತ್ತು ಮಾದರಿಗಳಲ್ಲಿ ಹತ್ತೊಂಬತ್ತು ಸಭ್ಯವಾಗಿ ಕೆಳಗೇ ಉಳಿದಿದ್ದವು. ಹದಿನೇಳನೆಯದೊಂದು ಮಾತ್ರ ರೋಗಿಗಳ ಗುಂಪಿಗೆ ಹೋಗಿ ಸೇರಿಕೊಂಡಿತ್ತು. ಯಾವ ಮಾದರಿ ಯಾರದ್ದೆಂದು ಸಂಶೋಧಕನಿಗೆ ತಿಳಿಯಬಾರದೆಂಬುದು ನಿಯಮ. ಆದರೆ ಮೊದಲ ಹದಿನೇಳು ಮಾದರಿ ಒಟ್ಟಿಗೆ ಸಿಕ್ಕಿದ್ದ ಆ ಭಾನುವಾರ ಚಾಮರಾಜಪುರಂನ ಹೆಂಡತಿಯ ತವರುಮನೆಯಲ್ಲಿ ಕಟ್ಟಕಡೆಗೆ ಕೈಗೆ ಬಂದದ್ದು ಹದಿನೇಳನೆಯ ಡಬ್ಬಿ, ಕೊಟ್ಟವರು ಮಾವ. ಎಪ್ಪತ್ತನಾಲ್ಕು ವರ್ಷವಾದರೂ ಒಂದು ಮಾತ್ರೆಯನ್ನೂ ನುಂಗದ, ನುಂಗುವವರನ್ನು ಕಂಡರೆ ಮರುಕಪಡುವ, ಬಸ್ ಡಿಪೋ ಮ್ಯಾನೇಜರಾಗಿ ನಿವೃತ್ತರಾದ ಕೆ. ನಂಜಯ್ಯನವರು.

ಮೂತ್ರಕೋಶದ ಕ್ಯಾನ್ಸರಿನಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರವೇನೆಂದು ಹುಡುಕುವುದು ಯೋಗೇಂದ್ರನ ಕೆಲಸ. ಇಪ್ಪತ್ತೆರಡು ಅಕ್ಷರದಷ್ಟು ಉದ್ದದ, ತಾವಾಗಿ ಏನನ್ನೂ ಕಟ್ಟದ ಈ ಅಣುಗಳು ಮಾಡುವುದೆಲ್ಲ ಒಂದೇ: ಜೀನಿನಿಂದ ಹೊರಟ ಆದೇಶ ತಲುಪುವ ಕಡೆ ತಲುಪುವ ಮೊದಲೇ ಅದನ್ನು ಹಿಡಿದು ಸುಮ್ಮನಾಗಿಸುವುದು. ಬೆಳೆಯಬೇಡವೆಂದು ಕೋಶವನ್ನು ತಡೆಯುವ ಆದೇಶಗಳ ಬಾಯಿ ಮುಚ್ಚಿಸುವ ಇಪ್ಪತ್ತೊಂದನೆಯ ನಂಬರಿನದು ಹೆಚ್ಚಾದರೆ ಗಡ್ಡೆ ಬೆಳೆಯುತ್ತದೆ. ಬೆಳೆಯೆಂದು ಕೂಗುವವರನ್ನು ಅಡಗಿಸುವ ನೂರನಲವತ್ತೈದನೆಯದು ಕಡಿಮೆಯಾದರೂ ಬೆಳೆಯುತ್ತದೆ. ಇನ್ನೂರರ ಕುಟುಂಬದವು ಇರುವ ತನಕ ಕೋಶಗಳು ಒಂದನ್ನೊಂದು ಅಂಟಿಕೊಂಡಿರುತ್ತವೆ. ಅವು ಹೋದವೋ, ಕೋಶಗಳು ಕೈ ಬಿಡಿಸಿಕೊಂಡು ಸ್ನಾಯುವಿಗೆ, ರಕ್ತಕ್ಕೆ, ಎಲ್ಲಿಗೆ ಬೇಕಾದರೂ ಹೊರಟುಬಿಡುತ್ತವೆ. ಇದನ್ನು ಅವನು ಮೂರು ದೇಶಗಳ ಸಮ್ಮೇಳನಗಳಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹೆಂಡತಿ ಮಂಜುಶ್ರೀಯ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಎದುರಿಗಿದ್ದ ಬೀಗರಿಗೆ ಮಾವ ಅವನ ಪರಿಚಯ ಮಾಡಿಸಿದ್ದರು: ನಮ್ಮ ಅಳಿಯಂದ್ರು, ಡಾಕ್ಟರು ಅಂದ್ರೆ ಆ ಡಾಕ್ಟರಲ್ಲ, ಮೂತ್ರದಲ್ಲಿ ಡಾಕ್ಟರೇಟ್ ಮಾಡಿದಾರೆ. ಆಗಷ್ಟೇ ಎಲೆಗೆ ಬಿದ್ದಿದ್ದ ಹೆಸರುಬೇಳೆ ಪಾಯಸವನ್ನು ಬೀಗರು ಬೆರಳಿನಿಂದ ಸ್ವಲ್ಪ ಆಚೆಗೆ ಸರಿಸಿದ್ದನ್ನು ಯೋಗೇಂದ್ರ ನೋಡಿದ್ದ. ಆ ಬೆರಳು ಈಗಲೂ ಒಮ್ಮೊಮ್ಮೆ ಅವನ ಕಣ್ಣ ಮುಂದೆ ಬಂದು ಪಾಯಸ ಸರಿಸಿ ಹೋಗುತ್ತಿತ್ತು. ಇಂದು ಗೆರೆ ಎದ್ದಾಗಲೂ ಬಂದಿತ್ತು. ಆ ಬೆರಳಿಗಾಗಿ ಮುದುಕರೊಬ್ಬರ ಹೊಟ್ಟೆಯೊಳಗೆ ಕ್ಯಾನ್ಸರ್ ಇರಲೆಂದು ನಾನು ಬಯಸಿದೆನೇ ಎಂದು ತನ್ನನ್ನೇ ಕೇಳಿಕೊಂಡ. ಬಯಸಲಿಲ್ಲ, ಬರೀ ಸಂತೋಷಪಟ್ಟೆ ಎಂಬ ಉತ್ತರ ಬಂತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮಾದರಿಗಳನ್ನು ಒದಗಿಸಿದ್ದೇ ಮಾವ ಎಂಬುದು ಇನ್ನಷ್ಟು ಕುಟುಕುತ್ತಿತ್ತು. ಅರವತ್ತು ದಾಟಿದ ಆರೋಗ್ಯವಂತ ಗಂಡಸರು ಸಿಗುತ್ತಿಲ್ಲವೆಂದು ಅವನು ಹೆಂಡತಿಯ ಹತ್ತಿರ ಗೊಣಗಿದ್ದು ಅವರ ಕಿವಿಗೆ ಬಿದ್ದು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಮ್ಮ ಜೊತೆ ನಡೆಯುವ ಹಿರಿಯರನ್ನೆಲ್ಲ ಒಂದು ಭಾನುವಾರ ಮನೆಗೆ ಹೊರಡಿಸಿಕೊಂಡು ಬಂದಿದ್ದರು. ಹಜಾರದಲ್ಲಿ ಬೆತ್ತದ ಕುರ್ಚಿಗಳು, ಪ್ರತಿಯೊಬ್ಬರ ಕೈಯಲ್ಲೂ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ, ಹಿತ್ತಲಿನ ಬಚ್ಚಲಿಗೆ ಸರದಿ. ಮಾವ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಮೃತ್ಯುಂಜಯ ಎಂಬುವರು ಎರಡೇ ನಿಮಿಷಕ್ಕೆ ತುಂಬಿಸಿಕೊಂಡು ಬಂದಾಗ, ನೋಡಿ, ಡಯಾಬಿಟಿಸ್ ಇದ್ರೂ ಪಂಕ್ಚುಯಲ್ಲು ಎಂದು ಎಲ್ಲರ ಮುಂದೆ ಹೊಗಳಿದರು. ಕೆಲಸ ಮುಗಿಸಿದವರಿಗೆ ಅತ್ತೆ ಸಿದ್ದಲಿಂಗಮ್ಮ ಉಪ್ಪಿಟ್ಟು ಕೊಡುತ್ತಿದ್ದರು. ಕೊನೆಗೆ ಮಾವ ಹೋದರು. ಹೋದವರು ಬರಲಿಲ್ಲ. ನಲ್ಲಿ ಬಿಟ್ಟ ಸದ್ದಾಯಿತು, ನಿಂತಿತು, ಮತ್ತೆ ಬಿಟ್ಟ ಸದ್ದಾಯಿತು. ಹಜಾರದಲ್ಲಿ ಹಿರಿಯರು ಚಮಚಗಳನ್ನು ಕೆಳಗಿಟ್ಟು ಗೌರವದಿಂದ ಮೌನವಾದರು. ಅತ್ತೆ ಕೈ ಒರೆಸಿಕೊಂಡು, ಟವೆಲ್ ಕೊಟ್ಟು ಬರ್ತೀನಿ ಎಂದು ಹಿತ್ತಲಿಗೆ ಹೋದರು, ತುಸು ಹೊತ್ತಿಗೆ ವಾಪಸ್ಸು ಬಂದು ಒಗ್ಗರಣೆಯ ಬಾಣಲೆ ತೊಳೆಯತೊಡಗಿದರು. ಅವರ ಹಿಂದೆಯೇ ಮಾವ ಡಬ್ಬಿಯನ್ನು ದಿನಪತ್ರಿಕೆಯಲ್ಲಿ ಸುತ್ತಿ, ಎದೆಯ ಮಟ್ಟಕ್ಕೆ ಹಿಡಿದುಕೊಂಡು ಬಂದು, ತಗೊಳ್ಳಿ ಎಂದು ಅವನ ಕೈಗಿತ್ತು ಮುಖ ನೋಡದೆ ಒಳಗೆ ಹೋಗಿದ್ದರು.

ಈಗ ಯೋಗೇಂದ್ರ ಮಾವನಿಗೆ ಫೋನು ಮಾಡಿ, ಹಿಂದಿನದು ಸರಿಯಾಗಿ ಶೇಖರವಾಗಿಲ್ಲ, ಇನ್ನೊಮ್ಮೆ ಬೇಕು ಎಂದು ಸುಳ್ಳು ಹೇಳಿದ. ಶೇಖರಣೆಯಲ್ಲಿ ಎಚ್ಚರ ಇರಬೇಕು ಎಂದು ಮಾವ ಅಂದರು. ಮಾರನೆಯ ದಿನ ಅವರೇ ಸಿಟಿ ಬಸ್ಸು ಹತ್ತಿ, ಬಟ್ಟೆ ಚೀಲದೊಳಗೆ ಊಟದ ಕ್ಯಾರಿಯರು, ಕ್ಯಾರಿಯರಿನೊಳಗೆ ಡಬ್ಬಿ ಇಟ್ಟುಕೊಂಡು ಪ್ರಯೋಗಾಲಯಕ್ಕೆ ಬಂದರು. ಎದುರಾದ ಗುಮಾಸ್ತ ಸಿದ್ದರಾಜು, ಮಾವನೋರು ಊಟ ತಂದವ್ರೆ ಸಾರ್, ಬಿಸಿ ಮಾಡ್ಲಾ ಎಂದು ಕೈ ಚಾಚಿದ. ಮಾವ ಕ್ಯಾರಿಯರನ್ನು ಎದೆಗವಚಿಕೊಂಡರು. ಬೇಡವೆಂದು ಇಬ್ಬರೂ ಒಟ್ಟಿಗೆ ಹೇಳಿದರು. ಮದುವೆಯಾದ ಮೇಲೆ ಅಳಿಯ ಮಾವ ಒಂದೇ ಮಾತನ್ನು ಒಂದೇ ಸಲ ಆಡಿದ್ದು ಅದೇ ಮೊದಲು. ಅಂದು ಸಂಜೆ ಆ ಮಾದರಿಯ ಗೆರೆಯೂ ಮೊದಲೇ ಎದ್ದಿತು. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ಕಂಡವು, ಒಂದೆರಡಲ್ಲ. ಯೋಗೇಂದ್ರನಿಗೆ ಈ ಸಲ ಸಂತೋಷವಾಗಲಿಲ್ಲ. ಇನ್ನೂರರ ಕುಟುಂಬವನ್ನು ನೋಡಿದ. ಅವು ತಮ್ಮ ಜಾಗದಲ್ಲೇ ಇದ್ದವು, ಕೋಶಗಳಿನ್ನೂ ಕೈ ಬಿಟ್ಟಿರಲಾರವು. ಒಬ್ಬ ಮನುಷ್ಯನ ಬಗ್ಗೆ ಇದರಿಂದ ಏನನ್ನೂ ಖಚಿತವಾಗಿ ಹೇಳುವಂತಿಲ್ಲವೆಂದು ತನ್ನ ಪ್ರತಿಯೊಂದು ಲೇಖನದ ಕೊನೆಯಲ್ಲೂ ತಾನೇ ಬರೆಯುತ್ತ ಬಂದಿದ್ದ. ಆದರೂ ಆ ಗೆರೆಯನ್ನು, ಸ್ಟೇಷನ್ನಿನಲ್ಲಿ ನಿಂತವನು ಹಳಿಯ ಕಡೆಗೆ ನೋಡುವಂತೆ, ಕತ್ತಲಾಗುವ ತನಕ ನೋಡುತ್ತ ಕೂತ.

ಡಾಕ್ಟರ್ ಸಂಘಮಿತ್ರ ಮೂತ್ರರೋಗ ತಜ್ಞೆ, ಯೋಗೇಂದ್ರನಿಗೆ ರೋಗಿಗಳ ಮಾದರಿ ಕೊಡುತ್ತಿದ್ದವರು. ನಿಮ್ಮ ಗೆರೆಗಳನ್ನು ಪಕ್ಕಕ್ಕಿಡಿ, ಈ ವಯಸ್ಸಿನಲ್ಲಿ ರಕ್ತ ಕಂಡರೆ ಮೂತ್ರದ ದಾರಿಯಿಂದ ಒಳಗೆ ಸಣ್ಣ ದುರ್ಬೀನು ಹಾಕಿ ನೋಡಲೇಬೇಕು, ಕರೆದುಕೊಂಡು ಬನ್ನಿ ಎಂದರು ಅವರು. ಯೋಗೇಂದ್ರ ಚಾಮರಾಜಪುರಂಗೆ ಹೋಗಿ, ಮಾವನನ್ನು ಮಹಡಿಯ ಮೇಲೆ ಕರೆದುಕೊಂಡು ಹೋಗಿ, ನಿಮ್ಮ ಮಾದರಿಯಲ್ಲಿ ಸ್ವಲ್ಪ ರಕ್ತದ ಅಂಶವಿದೆ, ಮೂತ್ರಕೋಶದಲ್ಲಿ ಸಣ್ಣ ಗಡ್ಡೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂದು ಸಾಧ್ಯವಾದಷ್ಟು ಮೆತ್ತಗೆ ಹೇಳಿದ. ನಂಜಯ್ಯನವರು ಬೈಯಲಿಲ್ಲ. ನಿಮ್ಮ ಮಿಷನ್ನು ಸರಿಯಿದೆಯಾ ಎಂದು ಕೇಳಬಹುದೆಂದು ಅವನು ಕಾದಿದ್ದ, ಅದನ್ನೂ ಕೇಳಲಿಲ್ಲ. ಒಣಗಲು ಹಾಕಿದ್ದ ಸೀರೆಯೊಂದರ ತುದಿಯನ್ನು ಬೆರಳಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೆ, ಗಡ್ಡೆ ಅಂದ್ರೆ ಕ್ಯಾನ್ಸರ್ರಾ ಎಂದು ಕೇಳಿದರು. ಇರಬಹುದು, ಈಗಲೇ ಗೊತ್ತಾದರೆ ಒಳ್ಳೆಯದು ಎಂದ. ಮಾವನ ಕಣ್ಣು ತುಂಬಿದ್ದನ್ನು ಕಂಡು ಅವನಿಗೆ ದಿಗಿಲಾಯಿತು. ತನಗಾಗಿ ಅಳುವ ಗಂಡಸೆಂದು ಅವರನ್ನು ಅವನು ಎಂದೂ ಭಾವಿಸಿರಲಿಲ್ಲ. ನಿಮ್ಮತ್ತೆಗೆ ಹೇಳ್ಬೇಡಿ ಎಂದರು. ಹೇಳಲ್ಲ ಎಂದ. ಮಂಜುಶ್ರೀಯಿಂದಲೂ ಅದೇ ಮಾತು ಹೇಳಿಸಿದ. ಹೀಗೆ ಮನೆಯ ಮೂವರೂ ಸೇರಿ ನಾಲ್ಕನೆಯವರಿಗೆ ಗೊತ್ತಾಗದಂತೆ ಓಡಾಡತೊಡಗಿದರು. ನಾಲ್ಕನೆಯವರು ಮಾತ್ರ ಇದ್ದಕ್ಕಿದ್ದಂತೆ ಎಲ್ಲರೂ ಯಾಕೆ ಇಷ್ಟು ನಯವಾಗಿದ್ದಾರೆಂದು ಯೋಚಿಸುತ್ತ, ಒಲೆಯ ಮೇಲೆ ಬಾರ್ಲಿ ನೀರು ಕುದಿಸಿಕೊಳ್ಳುತ್ತಿದ್ದರು.

ಆಸ್ಪತ್ರೆಯ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ವಿಭೂತಿ ಎಂದಿಗಿಂತ ದಪ್ಪಗಿತ್ತು. ಕಾರಿನಲ್ಲಿ ಎರಡು ಸಲ ಏನೋ ಹೇಳಲು ಬಾಯಿ ತೆರೆದರು. ಒಮ್ಮೆ, ಈ ರಸ್ತೆ ಒನ್‌ವೇ ಆಗಿ ಎಷ್ಟು ವರ್ಷ ಆಯ್ತು ಎಂದರು. ಇನ್ನೊಮ್ಮೆ, ಹಂಗಲ್ಲ ಎಂದು ಸುಮ್ಮನಾದರು. ಸಂಘಮಿತ್ರ ಎಂಬ ಡಾಕ್ಟರು ಹೆಂಗಸು ಎಂಬುದು ಅಲ್ಲಿ ಹೋದ ಮೇಲೆ ಗೊತ್ತಾಗಿ ಅವರ ಮುಖ ಬಿಳಿಚಿಕೊಂಡಿತು, ಆದರೂ ಒಳಗೆ ಹೋದರು. ಹಿಂದುಗಡೆ ದಾರ ಕಟ್ಟುವ ಹಸಿರು ಗೌನಿನಲ್ಲಿ ಮಾವ ಬಾಗಿಲು ದಾಟುವಾಗ, ದಾರ ಒಂದೇ ಕಟ್ಟಿತ್ತೆಂಬುದು ಯೋಗೇಂದ್ರನ ಕಣ್ಣಿಗೆ ಬಿತ್ತು. ಕಣ್ಣು ತೆಗೆದ. ಪಾಯಸ ಸರಿಸಿದ ಬೆರಳಿಗೆ ಈಗ ತಕ್ಕ ಶಾಸ್ತಿಯಾಯಿತೇ ಎಂದು ನೋಡಿಕೊಂಡ. ಆಗಿರಲಿಲ್ಲ. ನಾಚಿಕೆಯಷ್ಟೇ ಆಯಿತು, ಅದೂ ಯಾರ ಪರವಾಗಿ ಎಂಬುದು ತಿಳಿಯಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಎದುರಿನ ಗೋಡೆಯಲ್ಲಿ ಕಿಡ್ನಿಯ ಚಿತ್ರ ನೋಡುತ್ತಿರುವಾಗ ನರ್ಸು ಬಂದು, ಪೇಷೆಂಟು ನಿಮ್ಮನ್ನ ಕೇಳ್ತಾ ಇದಾರೆ, ಕೈ ಇಡೋಕೆ ಬಿಡ್ತಿಲ್ಲ ಎಂದು ಕರೆದಳು.

ನಂಜಯ್ಯನವರು ಮೇಜಿನ ಮೇಲೆ ಎರಡು ಕಾಲುಗಳನ್ನೂ ಎತ್ತಿ ಕಂಬಿಗಳ ಮೇಲಿಟ್ಟುಕೊಂಡು, ಹಸಿರು ಬಟ್ಟೆಯ ಗುಡ್ಡವೊಂದರ ಹಿಂದೆ ಮಲಗಿದ್ದರು. ಕಣ್ಣು ಸೂರಿನ ದೀಪದ ಮೇಲೆ ನೆಟ್ಟಿತ್ತು. ಗುಡ್ಡದ ಆ ಕಡೆ ಸಂಘಮಿತ್ರ ಕೈಗವಸು ಹಾಕಿಕೊಂಡು ಕಾಯುತ್ತಿದ್ದರು.

"ಯೋಗೇಂದ್ರ ಅವರೇ," ಎಂದರು ಮಾವ. "ಅದು ನಂದಲ್ಲ ಕಣ್ರೀ."

"ಯಾವುದು ಮಾವ?"

"ಅವತ್ತಿಂದು. ಆಮೇಲೆ ತಂದ್ಕೊಟ್ಟಿದ್ದೂ."

"ಮತ್ತೆ ಯಾರದು?" ಎಂದು ಗುಡ್ಡದಾಚೆಯಿಂದ ಡಾಕ್ಟರು ಕೇಳಿದರು.

ಮಾವ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. "ನಮ್ಮನೆಯವಳದು," ಎಂದರು.

ಹೊರಗೆ ಯಾವುದೋ ಟ್ರಾಲಿ ಉರುಳಿಕೊಂಡು ಹೋಯಿತು. ಯೋಗೇಂದ್ರನಿಗೆ ಮೊದಲು ಕಂಡದ್ದು ಟವೆಲ್ ಹಿಡಿದು ಹಿತ್ತಲಿಗೆ ಹೋದ ಅತ್ತೆಯ ಬೆನ್ನು. ಮಾವ ಗೋಡೆಗೆ ಹೇಳುವಂತೆ ಹೇಳತೊಡಗಿದರು. ಅಷ್ಟು ಜನರನ್ನ ಕರ್ಕೊಂಬಂದವನು ನಾನೇ, ಎಲ್ಲರಿಗೂ ಆಯ್ತು, ನನಗಾಗಲಿಲ್ಲ, ಹಜಾರದಲ್ಲಿ ಎಲ್ಲರೂ ಕಾಯ್ತಾ ಇದಾರೆ ಅಂತ ಗೊತ್ತಾದಷ್ಟೂ ಆಗಲಿಲ್ಲ. ಅವಳು ಬಂದು, ತನ್ನಿ ಇಲ್ಲಿ ಅಂತ ಡಬ್ಬಿ ಇಸ್ಕೊಂಡು ಪಕ್ಕದ ಪಾಯಖಾನೆ ಬಾಗಿಲು ಹಾಕ್ಕೊಂಡು ಒಂದು ನಿಮಿಷದಲ್ಲಿ ತುಂಬಿಸಿಕೊಟ್ಟಳು. ಎರಡನೆ ಸಲ ಕೇಳಿದಾಗ ಇಬ್ಬರೂ ಮೊದಲಿನ ಹಾಗೇ ಮಾಡಿದೆವು, ಬೇರೆಯದು ಕೊಟ್ಟರೆ ನಿಮ್ಮ ಮಿಷನ್ನಿಗೆ ಗೊತ್ತಾಗಿಬಿಡುತ್ತದೆಂದು ಹೆದರಿಕೆ. ನೀವು ಮಹಡಿ ಮೇಲೆ ಗಡ್ಡೆ ಅಂದಾಗ ಅದು ಅವಳಿಗೇ ಅಂತ ನನಗೆ ಗೊತ್ತಾಯಿತು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲವೆಂದು ಸಂಘಮಿತ್ರ ಕೇಳಿದರು. "ನೀವು ನನ್ನನ್ನ ನೋಡಿ ಏನೂ ಇಲ್ಲ ಅಂದ್ಬುಟ್ರೆ, ಅವಳಿಗೂ ಇಲ್ಲ ಅಂತ ಆಗ್ಬುಡತ್ತೆ ಅನ್ನಿಸ್ತು," ಎಂದರು ನಂಜಯ್ಯನವರು. ಹೇಳಿದ ಮೇಲೆ ಆ ತರ್ಕ ಅವರ ಕಿವಿಗೂ ಬಿದ್ದಿರಬೇಕು, ಬಂದಿದ್ದಾಗಿದೆ, ನನ್ನದೂ ಒಂದು ನೋಡೇಬಿಡಿ ಎಂದರು. ಕಾರಣವಿಲ್ಲದೆ ಯಾರೊಳಗೂ ನೋಡುವುದಿಲ್ಲ, ಕಾಲು ಇಳಿಸಿ ಎಂದು ಡಾಕ್ಟರು ಕೈಗವಸು ಕಳಚಿದರು. ಕಾಲು ಕಂಬಿಯಿಂದ ಇಳಿಸಲು ಬರದೆ ಮಾವ ಒದ್ದಾಡುವಾಗ ಯೋಗೇಂದ್ರ ಹೋಗಿ ಒಂದು ಕಾಲನ್ನು ಹಿಡಿದು ಇಳಿಸಿದ. ಪಾದ ತಣ್ಣಗಿತ್ತು. ಇಷ್ಟು ವರ್ಷ ಹಬ್ಬಗಳಲ್ಲಿ ಮುಟ್ಟಿ ನಮಸ್ಕರಿಸಿದ್ದು ಇದೇ ಪಾದವೆಂದು ಅವನಿಗೆ ನಂಬುವುದು ಕಷ್ಟವಾಯಿತು.

ಅವನು ಸಂತೋಷಪಟ್ಟದ್ದು ಅತ್ತೆಯ ಗೆರೆಗೆ. ಕಾರು ಓಡಿಸುವಾಗ ಇದೊಂದೇ ಮಾತು ಅವನೊಳಗೆ ಸುತ್ತುತ್ತಿತ್ತು. ದಟ್ಟಗಳ್ಳಿಯ ತನ್ನ ಹೊಸ ಮನೆಗೆ ಅವರು ಬಂದಾಗಲೆಲ್ಲ, ಮಗಳಿಗೆ ಗೊತ್ತಾಗದಂತೆ ಅವನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕುವವರು. ಪಾಯಸದ ಪಂಕ್ತಿಯಲ್ಲಿ ಎಲ್ಲರೂ ಅತ್ತ ಇತ್ತ ನೋಡುತ್ತಿದ್ದಾಗ, ಇನ್ನೊಂದು ಸೌಟು ಹಾಕಿಸ್ಕೊಳ್ಳಿ ಎಂದು ಬಡಿಸುವವನನ್ನು ಅವನ ಎದುರಿಗೇ ನಿಲ್ಲಿಸಿದವರು. ಅವರ ಮಾದರಿಯನ್ನು ಅವನು ಕೇಳಿರಲಿಲ್ಲ. ಈ ಕ್ಯಾನ್ಸರು ಗಂಡಸರಿಗೆ ಹೆಚ್ಚು, ಆದ್ದರಿಂದ ಅಧ್ಯಯನ ಗಂಡಸರಿಗೆ ಮಾತ್ರ ಎಂದು ಅವನ ಯೋಜನೆಯ ಮೊದಲ ಪುಟದಲ್ಲೇ ಇತ್ತು, ಮಂಜೂರು ಮಾಡಿದವರೂ ಗಂಡಸರೇ. ಹೆಂಗಸರಲ್ಲಿ ರಕ್ತ ಕಂಡರೆ ಉರಿಮೂತ್ರವೆಂದು ಮಾತ್ರೆ ಕೊಟ್ಟು ಕಳಿಸಿ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆಂಬುದನ್ನೂ ಅವನು ಓದಿದ್ದ. ಓದಿ, ಅದೇ ಯೋಜನೆಯಲ್ಲಿ, ಇದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವೆಂದು ಬರೆದಿದ್ದ.

ಸಿದ್ದಲಿಂಗಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಗಂಡ ಚಪ್ಪಲಿ ಬಿಡುವ ನೆಪದಲ್ಲಿ ಬಾಗಿದವರು ಏಳಲೇ ಇಲ್ಲ, ಆದ್ದರಿಂದ ಹೇಳುವುದು ಯೋಗೇಂದ್ರನ ಪಾಲಿಗೆ ಬಂತು. ಡಬ್ಬಿಯಿಂದ ಮೊದಲುಮಾಡಿ ದುರ್ಬೀನಿನ ತನಕ ಎಲ್ಲವನ್ನೂ ಹೇಳಿದ. ಅವರು ಸೊಪ್ಪಿನ ದಂಟುಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಹಾಕುತ್ತಲೇ ಕೇಳಿಸಿಕೊಂಡರು.

"ಗೌರಿ ಹಬ್ಬದಿಂದ್ಲೂ ಒಂದೊಂದ್ಸಲ ಕೆಂಪಗೆ ಹೋಗ್ತಾ ಇತ್ತು," ಎಂದರು. "ಉಷ್ಣ ಅಂದ್ಕೊಂಡು ಬಾರ್ಲಿ ನೀರು ಕುಡೀತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ?"

"ಅದರಲ್ಲೇ ಡಾಕ್ಟರೇಟ್ ಮಾಡಿರೋ ಅಳಿಯನ ಹತ್ರ ಎಂಗೆ ಹೇಳದು ಕಣಪ್ಪ. ನಾಚಿಕೆ ಆಗಲ್ವಾ." ಆಮೇಲೆ ಗಂಡನ ಬೆನ್ನನ್ನು ನೋಡಿ, "ಎದ್ದೇಳಿ, ಚಪ್ಪಲಿ ಬಿಟ್ಟಾಯ್ತು," ಎಂದರು.

ದುರ್ಬೀನು ಒಳಗೆ ಹೋಗಿ ನೋಡಿದಾಗ ಅತ್ತೆಯ ಮೂತ್ರಕೋಶದಲ್ಲಿ ನೆಲ್ಲಿಕಾಯಿಗಿಂತ ಚಿಕ್ಕದೊಂದು ಗಡ್ಡೆ ಇತ್ತು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಹೋಗಿ ಅದನ್ನು ಕೆರೆದು ತೆಗೆದರು. ವರದಿ ಬರುವ ತನಕ ಯೋಗೇಂದ್ರ ಪ್ರಯೋಗಾಲಯಕ್ಕೆ ಹೋಗಿ ಯಂತ್ರದ ಮುಂದೆ ಸುಮ್ಮನೆ ಕೂತು ಬರುತ್ತಿದ್ದ. ಇನ್ನೂರರ ಕುಟುಂಬ ಕೈ ಬಿಡದಿರಲೆಂದು ಅವನು, ದೇವರಿಗೆ ಕೈ ಮುಗಿಯುವುದನ್ನು ಕಾಲೇಜಿನಲ್ಲೇ ಬಿಟ್ಟವನು, ಆ ಅಣುಗಳನ್ನೇ ಬೇಡಿಕೊಳ್ಳುತ್ತಿದ್ದ. ಮಾವ ಆಸ್ಪತ್ರೆಯ ವಾರ್ಡಿನಲ್ಲಿ ಹೆಂಡತಿಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಬರುವ ಹೋಗುವ ನರ್ಸುಗಳನ್ನೆಲ್ಲ ಯಾವ ಊರು ಯಾವ ಬಸ್ಸೆಂದು ವಿಚಾರಿಸುತ್ತ, ಅವರು ಆ ಕಡೆ ಹೋದೊಡನೆ ಮುಖವನ್ನು ಟವೆಲಿನಿಂದ ಒತ್ತಿಕೊಳ್ಳುತ್ತಿದ್ದರು. ವರದಿ ಬಂತು. ಗಡ್ಡೆ ಒಳಪದರದಲ್ಲೇ ನಿಂತಿದೆ, ಸ್ನಾಯುವಿಗೆ ಇಳಿದಿಲ್ಲ. ಮರುಕಳಿಸಬಹುದು, ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಆದರೆ ಸರಿಯಾದ ಹೊತ್ತಿಗೆ ಬಂದಿರಿ ಎಂದರು ಸಂಘಮಿತ್ರ. ಸರಿಯಾದ ಹೊತ್ತಿಗೆ ಬರಲು ಕಾರಣ ಯಾರೆಂದು ಆಮೇಲೆ ಮನೆಯಲ್ಲಿ ಚರ್ಚೆಯಾದಾಗ ನಂಜಯ್ಯನವರು ತಮಗೆ ಅವತ್ತು ಬಚ್ಚಲಲ್ಲಿ ಆಗದೇ ಇದ್ದದ್ದೇ ಕಾರಣವೆಂದು ನಿಧಾನಕ್ಕೆ ಒಂದು ವಾದವನ್ನು ಕಟ್ಟತೊಡಗಿದ್ದರು. ಮಂಜುಶ್ರೀ, ಅಪ್ಪ ಸಾಕು ಎಂದಳು.

ಅವರೆಕಾಯಿ ಕಾಲ. ಒಂದು ಮಧ್ಯಾಹ್ನ ಯೋಗೇಂದ್ರ ಒಬ್ಬನೇ ಅತ್ತೆಯನ್ನು ನೋಡಲು ಹೋದ. ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದ ಅವರು ಅವನ ಮುಂದೆಯೂ ಒಂದು ಬಟ್ಟಲು ತಳ್ಳಿದರು. ಎರಡು ಬೆರಳಿನ ನಡುವೆ ಒತ್ತಿದರೆ ಬೇಳೆ ಪಳಕ್ಕನೆ ಹಾರಿ ಎಲ್ಲೋ ಬೀಳುತ್ತಿತ್ತು. ಅವರದ್ದು ಬಟ್ಟಲಿಗೆ, ಅವನದ್ದು ಕಿಟಕಿಗೆ. ಹೇಳಬೇಕೆಂದು ಬಂದದ್ದನ್ನು ಅವನು ಕಾಳಿನ ಮೇಲೆ ಕಣ್ಣಿಟ್ಟು ಹೇಳಿದ.

"ಅತ್ತೆ, ಆ ಗೆರೆ ಎದ್ದಾಗ ಮಾವಂದು ಅಂದ್ಕೊಂಡು ನನಗೆ ಮೊದಲು ಖುಷಿ ಆಯ್ತು."

ಅವರ ಬೆರಳು ನಿಂತಿತು. ಒಳಗಿನ ಕೋಣೆಯಲ್ಲಿ ಮಾವ ಮಲಗಿದ್ದರು, ಗೊರಕೆ ಕೇಳುತ್ತಿತ್ತು. ಸಿದ್ದಲಿಂಗಮ್ಮ ಅತ್ತ ಒಮ್ಮೆ ನೋಡಿದರು.

"ಅವರಿಗೆ ಗಂಟಲು ಕಟ್ಟಿ ಮಾತು ನಿಂತ್ರೆ ನಂಗೂ ಖುಷಿ ಆಗತ್ತೆ," ಎಂದರು. ಮತ್ತೆ ಕಾಳು ಹಿತುಕತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ, ನೀವು ನೋಡೋ ಆ ಸಣ್ಣವು ಏನು ಮಾಡ್ತವೆ ಎಂದು ಅವರೇ ಕೇಳಿದರು. ಹನ್ನೆರಡು ವರ್ಷದಲ್ಲಿ ಮನೆಯವರೊಬ್ಬರು ಇದನ್ನು ಕೇಳಿದ್ದು ಮೊದಲ ಸಲ. ಅವನು ಹೇಳತೊಡಗಿದ. ಕನ್ನಡದಲ್ಲಿ ಅದನ್ನು ಎಂದೂ ಹೇಳಿರದ ಅವನಿಗೆ ಮೊದಮೊದಲು ಮಾತು ಸಿಗಲಿಲ್ಲ. ಆಮೇಲೆ ಬೆಳೆಸುವವು, ತಡೆಯುವವು, ಹಿಡಿದಿಡುವವು ಎಂದು ಸರಾಗವಾಗಿ ಬರತೊಡಗಿ, ಬಟ್ಟಲು ಮರೆತು ಕೈಯಾಡಿಸುತ್ತ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಇವು ಹೆಂಗಸರಿಗೂ ಇರ್ತವಾ?"

"ಇರ್ತವೆ ಅತ್ತೆ."

"ಮತ್ತೆ ಬರೀ ಗಂಡಸರದ್ದೇ ಯಾಕೆ ಇಸ್ಕೊಂಡ್ರಿ?"

ಇದಕ್ಕೆ ಅವನ ಯೋಜನೆಯಲ್ಲಿ ಒಂದೂವರೆ ಪುಟದ ಉತ್ತರವಿತ್ತು, ಹದಿನಾಲ್ಕು ಆಧಾರಗಳಿದ್ದವು. ಅದನ್ನೆಲ್ಲ ಬಿಟ್ಟು, "ತಪ್ಪಾಯ್ತು," ಎಂದ. ಅದು ಸಾಲದೆನಿಸಿ, ಬದಲಾಯಿಸಬೇಕಾದರೆ ಸಮಿತಿ ಒಪ್ಪಬೇಕು ಎಂದು ಸೇರಿಸಿದ.

"ಕೇಳಿ ಮತ್ತೆ. ಒಪ್ಪಿದ್ರೆ ನಮ್ಮ ಭಜನೆ ಮಂಡಳೀಲೇ ಇಪ್ಪತ್ತೈದು ಜನ ಇದೀವಿ. ನನ್ನದೊಂದು ಬಿಟ್ಟು ತಗೊಳ್ಳಿ."

ಸಮಿತಿ ಒಪ್ಪಲು ಶಿವರಾತ್ರಿ ಕಳೆಯಿತು. ಅಷ್ಟರಲ್ಲಿ ಸಿದ್ದಲಿಂಗಮ್ಮನವರನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದಾಗ ಒಳಗೆ ಏನೂ ಇರಲಿಲ್ಲ. ಗೊತ್ತುಮಾಡಿದ ಭಾನುವಾರ ಬೆಳಗ್ಗೆ ಯೋಗೇಂದ್ರ ಡಬ್ಬಿಗಳ ಪೆಟ್ಟಿಗೆಯನ್ನು ಹಜಾರದಲ್ಲಿ ಇಳಿಸಿ, ಹೇಗೆ ಹಿಡಿಯಬೇಕು, ಹೇಗೆ ಮುಚ್ಚಬೇಕು ಎಂದು ವಿವರಿಸಲು ಎದ್ದು ನಿಂತ. ರೇಷ್ಮೆ ಸೀರೆಯ ಇಪ್ಪತ್ತೈದು ಹೆಂಗಸರು ಅವನನ್ನು ಕರುಣೆಯಿಂದ ನೋಡಿದರು. ಮಂಜುಶ್ರೀ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು, ನಾನು ಹೇಳ್ಕೊಡ್ತೀನಿ, ನೀವೂ ಅಪ್ಪನೂ ಹೋಗಿ ಕಾಫಿ ಕುಡ್ಕೊಂಡು ಬನ್ನಿ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಮಾವ ಅಳಿಯ ಗೇಟಿನಾಚೆ ನಿಂತರು. ಒಳಗಿನಿಂದ ಯಾರದೋ ಒಂದು ಮಾತು, ಅದರ ಹಿಂದೆಯೇ ಇಡೀ ಹಜಾರ ನಕ್ಕ ಸದ್ದು ಬಂತು.

"ಏನಕ್ಕೆ ನಗ್ತಾ ಇದಾರೆ?" ಎಂದು ನಂಜಯ್ಯನವರು ಕೇಳಿದರು.

"ಗೊತ್ತಿಲ್ಲ ಮಾವ."

"ನನ್ನ ವಿಷಯ ಹೇಳ್ಬುಟ್ಲು ಅಂತ ಕಾಣತ್ತೆ."

ಇರಲಾರದು ಎಂದು ಹೇಳಲು ಯೋಗೇಂದ್ರ ತಿರುಗಿದ. ಮಾವನ ಮುಖದಲ್ಲಿ ಭಯವೂ ಇತ್ತು, ಬಾಗಿಲಾಚೆ ತನ್ನವಳು ಅಷ್ಟು ಜೋರಾಗಿ ನಗುತ್ತಿದ್ದಾಳೆಂಬ ನೆಮ್ಮದಿಯೂ ಇತ್ತು, ಎರಡನ್ನೂ ಅಡಗಿಸಲು ಅವರು ರಸ್ತೆಯ ಕೊನೆಯನ್ನು ಬಹಳ ಗಂಭೀರವಾಗಿ ನೋಡುತ್ತಿದ್ದರು.

"ಹೇಳಿರ್ತಾರೆ ಮಾವ," ಎಂದ ಅವನು.

ಸ್ಟೇಷನ್ನಿನ ಹತ್ತಿರ ಕಾಫಿ ಕುಡಿದು ವಾಪಸ್ಸು ಬಂದಾಗ ಕಿಟಕಿಯಲ್ಲಿ ಸಿದ್ದಲಿಂಗಮ್ಮನವರ ಮುಖ ಕಾಣಿಸಿತು. ಇನ್ನೂ ಒಂಬತ್ತು ಜನ ಇದಾರೆ, ಈಗ್ಲೇ ಬಂದ್ಬುಟ್ರಾ ಎಂದರು. ಇಬ್ಬರೂ ತಿರುಗಿ, ಇನ್ನೊಂದು ಕಾಫಿ ಕುಡಿಯಲು ಹೊರಟರು.